ಹದಿನಾರು ಮೊಳ ನೀರು

ಆಫೀಸಿನಲ್ಲಿ ನನಗೆ ಐದು ದಿನ ರಜೆ ಉಳಿದಿತ್ತು. ಹಿಂದೆ ಮುಂದೆ ಶನಿವಾರ, ಭಾನುವಾರ ಸೇರಿಸಿದರೆ ಒಂಬತ್ತು. ಮುಂಬೈಗೆ ಹೋಗಿ ಬರೋದು, ವಿಮಾನ, ನಿದ್ದೆ ಎಲ್ಲ ಕಳೆದರೆ ಕೈಗೆ ಸಿಗೋದು ಆರೇ ದಿನ. ಆರು ದಿನದಲ್ಲಿ ಈಜಿಪ್ಟ್ ನೋಡಬೇಕು ಅಂತ ಬೆಂಗಳೂರಿನ ರೂಮಿನಲ್ಲಿ ಕೂತು ಎಕ್ಸೆಲ್ ಶೀಟ್ ಮಾಡಿದೆ. ನಮ್ಮಂಥವರಿಗೆ ಪ್ರವಾಸ ಶುರುವಾಗೋದೇ ಅಲ್ಲಿಂದ ತಾನೆ?

ಮೊದಲ ಶೀಟ್ ನೋಡಿದರೆ ನಿಮಗೆ ನಗು ಬರಬಹುದು. ಕೈರೋ, ಗೀಝಾ, ಅಲೆಕ್ಸಾಂಡ್ರಿಯಾ, ಲಕ್ಸರ್, ಅಸ್ವಾನ್, ಅಬು ಸಿಂಬೆಲ್. ಲಕ್ಸರಿನಿಂದ ಅಸ್ವಾನ್‌ಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿಂದ ಅಬು ಸಿಂಬೆಲ್‌ಗೆ ಮರುಭೂಮಿಯಲ್ಲಿ ಇನ್ನೂ ಮೂರು ತಾಸಿನ ದಾರಿ, ಹೊರಡೋದು ನಸುಕಿನ ನಾಲ್ಕಕ್ಕೆ. ನಾನೊಬ್ಬನೇ ಆಗಿದ್ದರೆ ಹೇಗೋ ಓಡಿಬಿಡುತ್ತಿದ್ದೆ. ಆದರೆ ಈ ಸಲ ಅಪ್ಪನನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೆ. ಅಪ್ಪನಿಗೆ ಅರವತ್ತಾರು, ಬಲ ಮೊಣಕಾಲು ನೋವು. ಕಂಡ ದೂರದ ಊರು ಎರಡೇ: ಶಿಖರಜಿ, ಮತ್ತೆ 2018ರ ಮಹಾಮಸ್ತಕಾಭಿಷೇಕಕ್ಕೆ ಊರವರ ಜೊತೆ ಬಸ್ಸಿನಲ್ಲಿ ಹೋದ ಶ್ರವಣಬೆಳಗೊಳ.

ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಯಾವಾಗ?"

"ಚಳಿಗಾಲದಾಗ, ಅಪ್ಪಾ. ಬ್ಯಾಸಗ್ಯಾಗ ಅಲ್ಲಿ ನಲವತ್ತು ಡಿಗ್ರಿ ದಾಟತೈತಿ."

"ಚಳಿಗಾಲದಾಗ ಇಲ್ಲಿ ಕಬ್ಬು ನಿಂತಿರತೈತಲ್ಲೋ ತಮ್ಮಾ."

ನಮ್ಮೂರು ಬೋರಗಾಂವ. ನಿಪ್ಪಾಣಿ ತಾಲೂಕು, ಮಹಾರಾಷ್ಟ್ರದ ಗಡಿ, ಪಕ್ಕದಲ್ಲೇ ಇಚಲಕರಂಜಿ. ಮಾತು ಅರ್ಧ ಕನ್ನಡ ಅರ್ಧ ಮರಾಠಿ, ಹೊಲ ಪೂರ್ತಿ ಕಬ್ಬು. ಕಬ್ಬಿನ ಹಂಗಾಮು ಶುರುವಾದರೆ ಕಾರ್ಖಾನೆಯ ಪಾಳಿ ಯಾವಾಗ ಬರುತ್ತದೆ, ಕಡಿಯೋ ಗ್ಯಾಂಗು ಯಾವ ದಿನ ಹೊಲಕ್ಕೆ ಇಳಿಯುತ್ತದೆ ಅಂತ ಯಾರೂ ಹೇಳಲಾರರು. ಬಂದ ದಿನ ರೈತ ಹೊಲದಲ್ಲಿ ಇರಲೇಬೇಕು. ಕಡಿಯೋದು ತಡವಾದಷ್ಟೂ ತೂಕ ಇಳಿಯುತ್ತದೆ. ನನ್ನ ಮ್ಯಾನೇಜರು ರಜೆ ಕೊಟ್ಟರೂ ಅಪ್ಪನ ಕಬ್ಬು ಕೊಡಬೇಕಲ್ಲ!

ಸರಿ, ಚಿಕ್ಕಪ್ಪ ನೋಡಿಕೊಳ್ಳುತ್ತಾನೆ ಅಂತ ಫೆಬ್ರವರಿ ಮೊದಲ ವಾರ ನಿಗದಿಯಾಯಿತು. 2026ರಲ್ಲಿ ರಂಜಾನ್ ಫೆಬ್ರವರಿಯ ನಡುವೆಯೇ ಶುರು. ಆ ತಿಂಗಳು ಅಲ್ಲಿ ಮ್ಯೂಸಿಯಂ, ಅಂಗಡಿ, ಹೋಟೆಲುಗಳ ಹೊತ್ತು ಬದಲಾಗುತ್ತದೆ. ಮೊದಲ ಸಲ ಹೋಗುವವರು ಅದನ್ನೂ ನೋಡಿಕೊಂಡು ಹೊರಡೋದು ಒಳ್ಳೆಯದು.

ಮುಂದಿನ ಕೆಲಸ ಪಾಸ್‌ಪೋರ್ಟ್. 2019ರ ಆಗಸ್ಟಿನಲ್ಲಿ ದೂಧಗಂಗಾ ನಮ್ಮ ತೋಟದ ಮನೆಯೊಳಗೆ ಬಂದಿದ್ದಳು. ಟ್ರಂಕಿನ ತಳದಲ್ಲಿದ್ದ ಅಪ್ಪನ ಶಾಲೆಯ ದಾಖಲೆ ಹಿಟ್ಟಿನ ಉಂಡೆಯ ಹಾಗೆ ಆಗಿತ್ತು. ಉಳಿದ ಕಾಗದಗಳಲ್ಲಿ ಒಂದರಲ್ಲಿ ಹೆಸರಿನ ಕೊನೆಗೆ 'ಅಪ್ಪಾ', ಇನ್ನೊಂದರಲ್ಲಿ 'ಗೌಡಾ'. ಒಂದು ಮರಾಠಿಯಿಂದ ಇಂಗ್ಲಿಷಿಗೆ ಹೋದದ್ದು, ಇನ್ನೊಂದು ಕನ್ನಡದಿಂದ ಹೋದದ್ದು. ಒಬ್ಬನೇ ಅಪ್ಪ, ಮೂರು ಸ್ಪೆಲ್ಲಿಂಗು. ಅಫಿಡವಿಟ್, ತಿದ್ದುಪಡಿ, ಶಾಲೆಯಿಂದ ನಕಲು ಪ್ರತಿ, ಬೆಳಗಾವಿಗೆ ಎರಡು ಸಲ ಓಡಾಟ. ಕೊನೆಗೆ ಪೊಲೀಸರು ವಿಚಾರಣೆಗೆ ಮನೆಗೆ ಬಂದ ದಿನ ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತಂತೆ. "ನಾ ಏನ ಮಾಡೇನಿ ಅಂತ ಎಲ್ಲಾರಿಗೂ ಹೇಳಕೋತ ಕುಂತೆ" ಅಂತ ಅಪ್ಪ ಇವತ್ತಿಗೂ ನಗುತ್ತಾನೆ. ಮನೆಯಲ್ಲಿ ವಯಸ್ಸಾದವರಿದ್ದರೆ, ಎಲ್ಲಿಗೂ ಹೋಗದಿದ್ದರೂ ಪರವಾಗಿಲ್ಲ, ಅವರ ಕಾಗದಗಳ ಹೆಸರು ಮೊದಲು ಹೊಂದಿಸಿಡಿ. ಈಜಿಪ್ಟಿನ ವೀಸಾವನ್ನೂ ನಾವು ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು. ಅದಕ್ಕೂ ಬ್ಯಾಂಕಿನ ಲೆಕ್ಕ, ಹೋಟೆಲ್, ವಿಮಾನ ಅಂತ ಕಾಗದದ ಇನ್ನೊಂದು ಕಟ್ಟು.

ದೀಪಾವಳಿಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಊರಿಗೆ ಹೋದೆ. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಒಂದೊಂದೇ ಫೋಟೋ ತೋರಿಸಿದೆ. ಪಿರಮಿಡ್ ನೋಡಿ ಅಪ್ಪ "ಹೂಂ" ಅಂದ. ಒಳಗೆ ಹೋಗೋ ದಾರಿ ಕಿರಿದು, ಬಗ್ಗಿ ಏರಬೇಕು ಅಂದಾಗ "ಹೊರಗಿಂದ ನೋಡಿದ್ರ ಸಾಕು" ಅಂದ. ಗೀಝಾದ ಹೊಸ ದೊಡ್ಡ ಮ್ಯೂಸಿಯಂ, ಟುಟಂಖಾಮನ್ನನ ಚಿನ್ನದ ಮುಖವಾಡ, ಅದಕ್ಕೂ "ಹೂಂ." ಅಬು ಸಿಂಬೆಲ್ ಬಂತು. ಅಸ್ವಾನಿನಲ್ಲಿ ದೊಡ್ಡ ಅಣೆಕಟ್ಟು ಕಟ್ಟುವಾಗ ಈ ಗುಡಿ ಮುಳುಗುತ್ತಿತ್ತು, 1964ರಿಂದ 1968ರವರೆಗೆ ಕಲ್ಲು ಕೊಯ್ದು ಸುಮಾರು 65 ಮೀಟರ್ ಮೇಲಕ್ಕೆ ಎತ್ತಿಟ್ಟರು ಅಂತ ವಿವರಿಸಿದೆ.

"ಗುಡಿ ಎತ್ತಿ ಇಟ್ಟರು. ಊರಾಗಿನ ಮಂದಿ?"

ನುಬಿಯಾದ ಹತ್ತಾರು ಸಾವಿರ ಜನ ಊರು ಬಿಟ್ಟು ಬೇರೆ ಕಡೆ ಹೋಗಬೇಕಾಯಿತು ಅಂದೆ. ಅಪ್ಪ ಮಾತಾಡಲಿಲ್ಲ. ಹೊಳೆ ದಂಡೆಯ ಮನೆಗಳನ್ನು ಎತ್ತರದ ಜಾಗಕ್ಕೆ ಒಯ್ಯಬೇಕು ಅನ್ನೋ ಮಾತು ನಮ್ಮ ಕಡೆಯೂ ಪ್ರತಿ ಮಳೆಗಾಲ ಬರುತ್ತದೆ, ನೀರು ಇಳಿದ ಮೇಲೆ ಮಾತೂ ಇಳಿಯುತ್ತದೆ.

ಆಮೇಲೆ, ನಾನು ಶೀಟಿಗೇ ಸೇರಿಸದ ಒಂದು ಫೋಟೋ ಕೈತಪ್ಪಿ ತೆರೆಯಿತು. ಆಳದ ಬಾವಿಯಂಥ ಕಟ್ಟಡ, ಗೋಡೆಯ ಸುತ್ತ ಇಳಿಯೋ ಮೆಟ್ಟಿಲು, ನಡುವೆ ಎಂಟು ಮುಖದ ಕಲ್ಲಿನ ಕಂಬ, ಕಂಬದ ತುಂಬ ಗೆರೆ.

"ಇದೇನಿದು?"

ಅದು ಕೈರೋದ ರೋಡಾ ದ್ವೀಪದಲ್ಲಿರೋ ನೈಲೋಮೀಟರ್. 861ರಲ್ಲಿ ಕಟ್ಟಿದ್ದು. ಸುರಂಗದಿಂದ ನೈಲ್ ನದಿಯ ನೀರು ಒಳಗೆ ಬರುತ್ತಿತ್ತು, ಕಂಬದ ಮೇಲೆ ಎಷ್ಟು ಮೊಳ ಏರಿತು ಅಂತ ಅಳೆಯುತ್ತಿದ್ದರು. 16 ಮೊಳ ಬಂದರೆ ಹೊಲಕ್ಕೆಲ್ಲ ನೀರು, ಒಳ್ಳೆಯ ಬೆಳೆ, ಅದಕ್ಕೆ ತಕ್ಕ ಕಂದಾಯ. ಕಡಿಮೆಯಾದರೆ ಬರ, ತೀರ ಹೆಚ್ಚಾದರೆ ಊರು ಮುಳುಗಡೆ.

ಅಪ್ಪ ಲ್ಯಾಪ್‌ಟಾಪನ್ನೇ ತೊಡೆಯ ಮೇಲೆ ಎಳೆದುಕೊಂಡ. "ಮೊಳದಾಗ ಅಳೀತಿದ್ರ? ನೀರು ಬರಲಿಲ್ಲಂದ್ರ ಕಂದಾಯಾನೂ ಕಡಿಮಿ? ಶಾಣ್ಯಾರ ಬಿಡು. ಈಗೂ ನೀರು ಬರತೈತೇನು?"

ಬರಲ್ಲ. 1970ರಲ್ಲಿ ಅಸ್ವಾನ್ ಅಣೆಕಟ್ಟು ಪೂರ್ತಿಯಾದ ಮೇಲೆ ನೈಲ್‌ನ ವರ್ಷದ ಪ್ರವಾಹವೇ ನಿಂತಿತು. ಅದರ ಜೊತೆ ಹೊಲಕ್ಕೆ ಬರುತ್ತಿದ್ದ ಮೆಕ್ಕಲು ಮಣ್ಣೂ ನಿಂತಿತು, ಈಗ ಅಲ್ಲಿಯ ರೈತನೂ ಗೊಬ್ಬರದ ಚೀಲ ಹೊರುತ್ತಾನೆ.

"ನಮ್ಮಲ್ಲಿ ನೋಡು, ಮ್ಯಾಲ ಕಾಳಮ್ಮವಾಡಿ ಡ್ಯಾಮೂ ಐತಿ, ಕೆಳಗ ಮಹಾಪೂರೂ ಐತಿ" ಅಂದ ಅಪ್ಪ. ಮಳೆಗಾಲದಲ್ಲಿ ನಮ್ಮೂರಲ್ಲಿ ಷೇರು ಮಾರ್ಕೆಟ್ಟಿನ ಹಾಗೆ ಕ್ಯೂಸೆಕ್ ಲೆಕ್ಕ ಕೇಳುತ್ತಾರೆ. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು, ಕಾರದಗಾ–ಭೋಜ ಸೇತುವೆ ಮುಳುಗಿತೋ ಇಲ್ಲವೋ. ಇಂಥ ಊರಿನವನಿಗೆ ಚಿನ್ನದ ಮುಖವಾಡ ಯಾಕೆ ಬೇಕು? ನೀರಿನ ಗೆರೆ ಬೇಕು. ಇಂಟರ್ನೆಟ್ಟಿನ 'ನೋಡಲೇಬೇಕಾದ ಹತ್ತು ಸ್ಥಳ' ಯಾರದೋ ಕಣ್ಣಿನದು, ನಾನು ಅದನ್ನೇ ಕಾಪಿ ಹೊಡೆದಿದ್ದೆ.

ಆ ರಾತ್ರಿಯೇ ಶೀಟ್ ಕತ್ತರಿಸಿದೆ. ಅಲೆಕ್ಸಾಂಡ್ರಿಯಾ, ಅಸ್ವಾನ್, ಅಬು ಸಿಂಬೆಲ್ ಹೋದವು. ಕೈರೋದಲ್ಲಿ ಮೂರು ರಾತ್ರಿ, ಲಕ್ಸರಿನಲ್ಲಿ ಎರಡು, ನಡುವೆ ರೈಲಿನ ಬದಲು ಒಂದು ತಾಸಿನ ವಿಮಾನ. ಗೀಝಾ ಮತ್ತು ಮ್ಯೂಸಿಯಂ ಒಂದು ದಿನ. ನೈಲೋಮೀಟರ್ ಮತ್ತು ಹಳೆ ಕೈರೋ ಒಂದು ದಿನ. ಲಕ್ಸರಿನಲ್ಲಿ ಕಾರ್ನಾಕ್, ರಾಜರ ಕಣಿವೆ, ಆಮೇಲೆ ಒಂದು ದಿನ ಪೂರ್ತಿ ಖಾಲಿ. ಯಾಕೆಂದರೆ ಲಕ್ಸರಿನ ಸುತ್ತ ಕಬ್ಬು ಬೆಳೆಯುತ್ತಾರೆ, ಚಳಿಗಾಲದಲ್ಲೇ ಕಡಿಯುತ್ತಾರೆ, ಪುಟ್ಟ ಹಳಿಯ ರೈಲಿನಲ್ಲಿ ಕಾರ್ಖಾನೆಗೆ ಸಾಗಿಸುತ್ತಾರೆ. ಅದನ್ನು ಹೇಳಿದಾಗ ಅಪ್ಪ, "ಟನ್ನಿಗೆ ಏನ ರೇಟ್ ಕೊಡತಾರ ಕೇಳಬೇಕು" ಅಂದ.

ಊಟದ ಯೋಚನೆಯೂ ಇತ್ತು. ನಾವು ಜೈನರು, ಮನೆಯಲ್ಲಿ ಉಳ್ಳಾಗಡ್ಡಿ, ಬಟಾಟೆ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಅನ್ನ, ಬೇಳೆ, ಮ್ಯಾಕರೋನಿ ಸೇರಿಸಿ ಮಾಡೋ ಅಲ್ಲಿಯ ಕೊಶಾರಿಯ ಮೇಲೆ ಹುರಿದ ಉಳ್ಳಾಗಡ್ಡಿಯೇ ರಾಶಿ. ರೊಟ್ಟಿ, ಹಣ್ಣು, ಕಬ್ಬಿನ ಹಾಲು ನಡೆಯುತ್ತದೆ. ಉಳಿದದ್ದಕ್ಕೆ ಅವ್ವನ ಕಟಕ ರೊಟ್ಟಿ, ಶೇಂಗಾ ಚಟ್ನಿ.

ಅವ್ವ. ಮೊದಲ ದಿನವೇ "ನೀನೂ ಬರತೀಯೇನ ಅವ್ವಾ?" ಅಂದಿದ್ದೆ. "ಎಮ್ಮಿ ಯಾರ ಹಿಂಡತಾರ?" ಅಂತ ನಕ್ಕಿದ್ದಳು. ನಾನು ಅದನ್ನೇ ಉತ್ತರ ಅಂದುಕೊಂಡೆ. ಎರಡನೇ ಸಲ ಕೇಳಲಿಲ್ಲ. ಶೀಟಿನಲ್ಲಿ ಎರಡೇ ಹೆಸರು.

ಮರುದಿನ ಅಪ್ಪನ ಜೊತೆ ತೋಟದ ಮನೆಗೆ ಹೋದೆ. ಒಳಗೋಡೆಯಲ್ಲಿ ಮೂರು ಗೆರೆ, ಪಕ್ಕದಲ್ಲಿ 2005, 2019, 2021 ಅಂತ ಬರೆದದ್ದು. ಚಿಕ್ಕಂದಿನಿಂದ ನೋಡಿದ್ದೇನೆ, ಅಪ್ಪನೇ ಹಾಕಿದ್ದು ಅಂದುಕೊಂಡಿದ್ದೆ. 2019ರ ಗೆರೆ ನನ್ನ ಎದೆಮಟ್ಟ ಇದೆ.

"ನಮ್ಮ ನೈಲೋಮೀಟರ್" ಅಂದೆ.

ಅಪ್ಪ ಗೆರೆಯ ಮೇಲೆ ಕೈ ಇಟ್ಟ. "ಇವು ನಿಮ್ಮವ್ವ ಹಾಕಿದ್ದು. ನೀರು ಇಳದ ಕೂಡಲೇ ಕೆಸರಿನ ಗುರತು ಹೋಗೂಕಿಂತ ಮೊದಲ ಹಾಕತಾಳ. ನಾ ಎಲ್ಲಿ ನೋಡಲಿ, ದನಾ ಹುಡಕಾಕ ಹೋಗಿರತೇನಿ." ಸ್ವಲ್ಪ ಹೊತ್ತು ಬಿಟ್ಟು ಹೇಳಿದ, "ಆ ಕಂಬ ಆಕಿ ನೋಡಬೇಕಲ್ಲೋ."

ಮನೆಗೆ ಬಂದು ಅವ್ವನಿಗೆ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಇಷ್ಟ ಗೆರಿ ಹಾಕ್ಯಾರ, ವರ್ಷ ಬರದಿಲ್ಲಲ್ಲ" ಅಂದಳು. ಬರತೀಯೇನು ಅಂತ ಈ ಸಲ ಸರಿಯಾಗಿ ಕೇಳಿದೆ. ಎಮ್ಮೆಯ ಮಾತು ಬರಲಿಲ್ಲ. "ಪಾಸ್‌ಪೋರ್ಟಿಗೆ ಎಷ್ಟ ದಿನ ಬೇಕು?" ಅಂದಳು.

ಅವ್ವನ ಕಾಗದಗಳಲ್ಲಿ ತವರಿನ ಹೆಸರು ಬೇರೆ, ಗಂಡನ ಮನೆಯ ಹೆಸರು ಬೇರೆ. ಫೆಬ್ರವರಿಯೊಳಗೆ ಆಗೋ ಮಾತಲ್ಲ. ಆಮೇಲೆ ರಂಜಾನ್, ಆಮೇಲೆ ಬಿಸಿಲು, ಆಮೇಲೆ ಅವ್ವನ ಚಾತುರ್ಮಾಸ. ಪುಣ್ಯಕ್ಕೆ ಟಿಕೆಟ್ ಬುಕ್ ಮಾಡಿರಲಿಲ್ಲ. ಉಳಿದ ರಜೆ ಮುಂದಿನ ವರ್ಷಕ್ಕೆ ಬರಲ್ಲ, ಹೋದರೆ ಹೋಗಲಿ. ಶೀಟಿನಲ್ಲಿ ಮೂರನೇ ಹೆಸರು ಸೇರಿಸಿ ತಾರೀಖನ್ನು 2026ರ ಡಿಸೆಂಬರಿಗೆ ಸರಿಸಿದೆ.

"ಡಿಸೆಂಬರಿನಾಗ ಕಬ್ಬು?" ಅಂದ ಅಪ್ಪ.

"ನಿಮ್ಮ ತಮ್ಮ ಅದಾನಲ್ಲ" ಅಂದಳು ಅವ್ವ, "ಎಮ್ಮೀನೂ ಅವನ ಹಿಂಡತಾನ."