ಉಸುಕು ಚಿಮ್ಮಿದ ಪಾಳಿ

ಬೆಂಗಳೂರಿನಲ್ಲಿ ನಾವು ಬಂಡೆಯ ಜತೆ ಗುದ್ದಾಡಿದವರು. 2024ರ ಅಕ್ಟೋಬರ್ 30ರಂದು ‘ಭದ್ರಾ’ ಯಂತ್ರ ನಾಗವಾರದಲ್ಲಿ ಹೊರಬಿದ್ದು ಮೆಟ್ರೊ ಗುಲಾಬಿ ಮಾರ್ಗದ ಸುರಂಗ ಮುಗಿಯಿತು. ಆಮೇಲೆ ಅಫಜಲಪುರದ ನಾನು, ಆಳಂದದ ಕಾಕಾ, ಜೇವರ್ಗಿಯ ಹುಡುಗ ಮೂವರೂ ಚೆನ್ನೈ ಕಡೆ ಹೋದೆವು. ಅಲ್ಲಿ ನೆಲದಡಿ ಉಸುಕು, ಉಸುಕಿನ ತುಂಬ ನೀರು.

ನನ್ನದು ಫೋಮಿನ ಕೆಲಸ. ನೂರು ಲೀಟರ್ ನೀರಿಗೆ ಎರಡು-ಮೂರು ಲೀಟರ್ ಕೆಮಿಕಲ್, ಮೇಲೆ ಒತ್ತಡದ ಗಾಳಿ. ಈ ಮಿಶ್ರಣದ ಒಂದು ಲೀಟರ್ ಹತ್ತು-ಹದಿನೈದು ಲೀಟರ್ ನೊರೆಯಾಗಿ, ಕೊರೆಯುವ ಚಕ್ರದ ತೂತುಗಳಿಂದ ಮಣ್ಣಿಗೆ ನುಗ್ಗಬೇಕು. ಉಸುಕಿನ ಹರಳುಗಳ ಸಂದಿಯಲ್ಲಿ ಗುಳ್ಳೆ ಕೂತರೆ ನೀರಿಗೆ ದಾರಿ ಇಲ್ಲ. ಎಸರು ಹಾಕಿ ನಾದಿದ ಜೋಳದ ಹಿಟ್ಟಿನಂತೆ ಮೆತ್ತಗಾದ ಮಣ್ಣು, ಅದನ್ನು ಬೆಲ್ಟಿಗೆ ಸಾಗಿಸುವ ಸ್ಕ್ರೂ ಕೊಳವೆ ತುಂಬಿ ನಿಂತು ಎದುರಿನ ಒತ್ತಡ ತಡೆಯುತ್ತದೆ. ನೊರೆಗೆ ಆಯುಷ್ಯ ಕಡಿಮೆ. ಯಂತ್ರ ಬಹಳ ಹೊತ್ತು ನಿಂತರೆ ಗುಳ್ಳೆ ಒಡೆದು, ಉಸುಕು ಮತ್ತೆ ಉಸುಕೇ.

ಒಂದು ರಾತ್ರಿ ಯಂತ್ರ ಹಾಗೆ ನಿಂತಿತ್ತು. ಮತ್ತೆ ಶುರುವಾದಾಗ ಎರಡು ಫೋಮ್ ಲೈನುಗಳಲ್ಲಿ ಒತ್ತಡ ಏರಿತು, ಹರಿವು ಸೊನ್ನೆ. ತೂತಿಗೆ ಉಸುಕು ಹೊಕ್ಕಿತ್ತು. ಹೇಳಿದೆ. ‘ಈ ರಿಂಗ್ ಮುಗೀಲಿ’ ಎಂದಿತು ವಾಕಿಟಾಕಿ. ಸುರಂಗಕ್ಕೆ ಕೂಡಿಸುವ ಕಾಂಕ್ರೀಟ್ ರಿಂಗಿನ ಲೆಕ್ಕದ ಮೇಲೇ ನಮ್ಮ ಬೋನಸ್ಸು. ವಾಕಿಟಾಕಿಯ ಆ ಬದಿಯವರಿಗೂ ಅದೇ ಅವಸರ.

“ಕಾಕಾ, ಬೆಲ್ಟಿನ ಮ್ಯಾಲ ಬರೇ ನೀರು ಬರ್ಲಾಕತ್ತದ!” ಜೇವರ್ಗಿ ಹುಡುಗ ಕೂಗಿದ. ಮರುಗಳಿಗೆಗೆ ನೀರಿನ ಜತೆ ಉಸುಕು ಚಿಮ್ಮಿತು. ಸ್ಕ್ರೂ ಬಾಯಿಯ ಬಾಗಿಲು ಮುಚ್ಚಲು ಹೋದರೆ ನಡುವೆ ಕಲ್ಲು ಸಿಕ್ಕಿ ನಾಲ್ಕು ಬೆರಳಷ್ಟು ತೆರೆದೇ ಉಳಿಯಿತು. ಮೊಣಕಾಲವರೆಗೆ ಉಸುಕು, ಕಿವಿಯಲ್ಲಿ, ಹಲ್ಲಿನ ಸಂದಿಯಲ್ಲಿ ಉಸುಕು. ಇಲ್ಲಿ ಎಷ್ಟು ಸುರಿಯಿತೋ ಮೇಲೆ ರಸ್ತೆಯಡಿ ಅಷ್ಟು ಪೊಳ್ಳು ಬೀಳುತ್ತದೆ. ಅಲ್ಲಿ ಬಸ್ಸು ಓಡಾಡುತ್ತವೆ, ಮನೆಗಳಿವೆ. ನನ್ನ ಕೈ ನಡುಗಿದ್ದು ಅದಕ್ಕೆ.

“ಇನ್ನೊಂದೀಟು ತೆಗೀರಿ” ಎಂದ ಕಾಕಾ. ಮುಚ್ಚಬೇಕಾದ ಬಾಗಿಲನ್ನು ತೆರೆಯುವುದು! ಆಪರೇಟರ್ ಒಂದು ಕ್ಷಣ ಅವನ ಮುಖ ನೋಡಿ ತೆರೆದ. ಉಸುಕಿನ ಧಾರೆ ದಪ್ಪವಾಯಿತು, ತೆಂಗಿನಕಾಯಿ ಗಾತ್ರದ ಕಲ್ಲು ದಡ್ಡನೆ ಬೆಲ್ಟಿಗೆ ಬಿತ್ತು, ಬಾಗಿಲು ಮುಚ್ಚಿತು.

ಉಳಿದ ರಾತ್ರಿ ಕೊರೆಯುವ ಚಕ್ರದ ಹಿಂದಿನ ಕೋಣೆಗೆ ಬೆಂಟೊನೈಟ್ ಜೇಡಿಯ ಕೆಸರು ತುಂಬಿದೆವು, ಲೈನುಗಳನ್ನು ನೀರಿನ ಒತ್ತಡದಿಂದ ಬಿಡಿಸಿದೆವು. ಮೇಲೆ ಸರ್ವೆಯವರು ರಸ್ತೆಯ ಮಟ್ಟ ಅಳೆಯುತ್ತಲೇ ಇದ್ದರು. ರಸ್ತೆ ಕುಸಿಯಲಿಲ್ಲ. ಬೆಳಗ್ಗೆ ಮೇಲಿಂದ ತೂತು ಕೊರೆದು ಸಿಮೆಂಟ್ ಹಾಲು ಇಳಿಸಿದರು.

ಆ ಪಾಳಿಗೆ ನಮಗೆ ಬೋನಸ್ ಬರಲಿಲ್ಲ. ರಿಂಗ್ ಮುಗಿದಿರಲಿಲ್ಲವಲ್ಲ.