ಲ್ಹಾಸಾಳ ಬಸ್ಸು, ನಮ್ಮ ಲಾರಿ

ವರ್ಗಾವಣೆ ನೌಕರಿಯವರ ಮಕ್ಕಳನ್ನು ‘ನಿಮ್ಮೂರು ಯಾವುದು?’ ಎಂದು ಕೇಳಬಾರದು. ಅಪ್ಪನದು ಅಂಥ ನೌಕರಿ. ಕೋಲಾರದಿಂದ ಬೀದರ್, ಬೀದರಿನಿಂದ ರಾಯಚೂರು. ಲಾರಿಯ ಹಿಂದೆ ಮಂಚ, ಬೀರು, ಒರಳುಕಲ್ಲು; ಮುಂದೆ ಅಮ್ಮನ ಮಡಿಲಲ್ಲಿ ಟೇಪ್ ರೆಕಾರ್ಡರ್. ಕ್ಯಾಸೆಟ್ಟುಗಳು ಬೆರಳೆಣಿಕೆಯಷ್ಟು. ಅದರಲ್ಲೊಂದು 1978ರ ‘ನಿತ್ಯೋತ್ಸವ’: ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ರಾಗ. ರಾಯಚೂರಿನ ಬಿಸಿಲಲ್ಲಿ ಫ್ಯಾನು ನಿಂತ ಮಧ್ಯಾಹ್ನಗಳಲ್ಲಿ ಅದನ್ನು ಹಾಕಿಕೊಂಡು ನಾವು ಜೋಗ ನೋಡುತ್ತಿದ್ದೆವು. ಮೀಸೆ ಬಂದ ಮೇಲೆ ಒಂದು ಬೇಸಿಗೆಯಲ್ಲಿ ನಿಜವಾದ ಜೋಗಕ್ಕೆ ಹೋದೆ. ಹಾಡಿನಲ್ಲಿದ್ದಷ್ಟು ನೀರು ಅಲ್ಲಿರಲಿಲ್ಲ.

ಹಾಗಾಗಿ ಗಾಯಕಿ ಲ್ಹಾಸಾ ದೆ ಸೆಲಾಳ ಕತೆ ಮೊದಲ ಸಲ ಕೇಳಿದಾಗ ದೂರದ ನೆಂಟಳೊಬ್ಬಳು ಸಿಕ್ಕ ಹಾಗಾಯಿತು. ಹುಟ್ಟಿದ್ದು 1972ರಲ್ಲಿ, ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಅಪ್ಪ ಮೆಕ್ಸಿಕೋದವರು, ಅಮ್ಮ ಅಮೆರಿಕದವರು. ಟಿಬೆಟ್ ಬಗೆಗಿನ ಪುಸ್ತಕ ಓದುತ್ತಿದ್ದ ಅಮ್ಮ ಮಗುವಿಗೆ ಅಲ್ಲಿನ ರಾಜಧಾನಿಯ ಹೆಸರನ್ನೇ ಇಟ್ಟರಂತೆ. ಹಳೆಯ ಸ್ಕೂಲ್ ಬಸ್ಸೊಂದನ್ನು ಮನೆ ಮಾಡಿಕೊಂಡು ಈ ಕುಟುಂಬ ಅಮೆರಿಕ, ಮೆಕ್ಸಿಕೋಗಳಲ್ಲಿ ವರ್ಷಗಟ್ಟಲೆ ಅಲೆಯಿತು. ಟಿ.ವಿ. ಇಲ್ಲ, ಅಮ್ಮನೇ ಮೇಷ್ಟ್ರು. ರಾತ್ರಿಯಾದರೆ ಅಕ್ಕತಂಗಿಯರು ಸೇರಿ ಅಪ್ಪ ಅಮ್ಮನೆದುರು ನಾಟಕ, ಹಾಡು. ನಮಗೆ ಲಾರಿ ಇಳಿದ ಮೇಲೆ ಕ್ವಾರ್ಟರ್ಸ್ ಆದರೂ ಇತ್ತು; ಅವರಿಗೆ ಇಳಿಯುವ ಪ್ರಶ್ನೆಯೇ ಇರಲಿಲ್ಲ.

ಹದಿಮೂರಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಗ್ರೀಕ್ ಕೆಫೆಯೊಂದರಲ್ಲಿ ಹಾಡತೊಡಗಿದಳು. ಒಂದು ಕಡೆ ಬಿಲ್ಲಿ ಹಾಲಿಡೇಯ ಜಾಝ್, ಇನ್ನೊಂದು ಕಡೆ ಮೆಕ್ಸಿಕೋದ ಹಳೆಯ ಹಾಡುಗಳು. ಅವಳ ಮೇಲೆ ಗಾಢವಾಗಿ ಬಿದ್ದ ನೆರಳು ಚಾವೆಲಾ ವರ್ಗಾಸಳದು. ಗಂಡಸರು ಕುಡಿದು ಗೋಳಾಡುವ ರಾಂಚೇರಾ ಹಾಡುಗಳನ್ನು ಚಾವೆಲಾ ಪೊಂಚೊ ಹೊದ್ದು, ಬರೀ ಗಿಟಾರಿನ ಆಸರೆಯಲ್ಲಿ, ಒಂದೊಂದು ಸಾಲನ್ನೂ ಎಳೆದು ಎಳೆದು ಹಾಡುತ್ತಿದ್ದಳು. ಮೆಕ್ಸಿಕೋದ ಕೊರಳೇ ಅನ್ನಿಸಿಕೊಂಡ ಈ ಚಾವೆಲಾ ಹುಟ್ಟಿದ್ದು ಕೋಸ್ಟಾರಿಕಾದಲ್ಲಿ! ನೆಲದ ಹಾಡು ನೆಲದವರಿಗೇ ಒಲಿಯುತ್ತದೆ ಎನ್ನುವವರಿಗೆ ನಾನು ಈ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಲ್ಹಾಸಾ ಹತ್ತೊಂಬತ್ತರ ಹೊತ್ತಿಗೆ ಕೆನಡಾದ ಮಾಂಟ್ರಿಯಲ್ ಸೇರಿದಳು. ಅಲ್ಲಿನ ಬಾರ್‌ಗಳಲ್ಲಿ ಹಾಡುತ್ತ, ಗಿಟಾರ್ ವಾದಕ ಈವ್ ದೆರೋಸಿಯೆ ಜೊತೆ ಕಟ್ಟಿದ ಮೊದಲ ಆಲ್ಬಮ್ ‘ಲಾ ಯೊರೋನಾ’ 1997ರಲ್ಲಿ ಬಂತು. ಮಕ್ಕಳನ್ನು ಕಳೆದುಕೊಂಡು ಹೊಳೆದಂಡೆಯಲ್ಲಿ ಅಳುತ್ತ ಅಲೆಯುವ ಮೆಕ್ಸಿಕೋದ ಹೆಣ್ಣುದೆವ್ವದ ಹೆಸರದು. (ನಮ್ಮಲ್ಲಾಗಿದ್ದರೆ ಬಾಗಿಲಿಗೆ ‘ನಾಳೆ ಬಾ’ ಬರೆದು ಮಲಗುತ್ತಿದ್ದೆವು.) ಫ್ರೆಂಚ್ ಮಾತಾಡುವ, ಹಿಮ ಸುರಿಯುವ ಊರಿನಲ್ಲಿ ಕುಳಿತು ಪೂರ್ತಿ ಸ್ಪ್ಯಾನಿಷಿನಲ್ಲಿ ಹಾಡಿದ್ದು. ಮೆಕ್ಸಿಕೋದಲ್ಲೇ ಉಳಿದಿದ್ದರೆ ಹೀಗೆ ಹಾಡುತ್ತಿದ್ದಳೇ? ನನಗೆ ಅನುಮಾನ. ದೂರ ಹೋದಷ್ಟೂ ಊರು ಹಾಡಿನಲ್ಲಿ ದೊಡ್ಡದಾಗುತ್ತದೆ. ನಮ್ಮ ಜೋಗದಲ್ಲಿ ನೀರು ಏರಿದ ಹಾಗೆ.

1998ರಲ್ಲಿ ಆ ಆಲ್ಬಮ್ಮಿಗೆ ಕೆನಡಾದ ಜೂನೋ ಪ್ರಶಸ್ತಿ ಬಂತು. ಬೇರೆಯವರಾಗಿದ್ದರೆ ಮರುವರ್ಷವೇ ಇನ್ನೊಂದು ತರುತ್ತಿದ್ದರು. ಇವಳು ಫ್ರಾನ್ಸಿಗೆ ಹೋಗಿ ಅಕ್ಕತಂಗಿಯರ ಸರ್ಕಸ್ ಸೇರಿಕೊಂಡಳು! ಮತ್ತೆ ಗಾಲಿಯ ಮೇಲಿನ ಮನೆ. ಎರಡನೆಯ ಆಲ್ಬಮ್ ‘ದಿ ಲಿವಿಂಗ್ ರೋಡ್’ ಬಂದದ್ದು 2003ರಲ್ಲಿ, ಸ್ಪ್ಯಾನಿಷ್, ಫ್ರೆಂಚ್, ಇಂಗ್ಲಿಷ್ ಮೂರೂ ಭಾಷೆಗಳಲ್ಲಿ. ಮೂರನೆಯದು ‘ಲ್ಹಾಸಾ’ 2009ರಲ್ಲಿ, ಪೂರ್ತಿ ಇಂಗ್ಲಿಷ್. 2010ರ ಜನವರಿ 1ರಂದು ಸ್ತನ ಕ್ಯಾನ್ಸರ್ ಅವಳನ್ನು ಒಯ್ದಿತು; ಮೂವತ್ತೇಳು ವರ್ಷ. ಚಾವೆಲಾ ಆಗ ತೊಂಬತ್ತು ದಾಟಿ ಇನ್ನೂ ಬದುಕಿದ್ದಳು.

ಇರುವುದು ಮೂರೇ ಸ್ಟುಡಿಯೊ ಆಲ್ಬಮ್. ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ ಎಲ್ಲರೂ ಮೊದಲನೆಯದನ್ನು ತೋರಿಸುತ್ತಾರೆ. ನನ್ನ ಮಟ್ಟಿಗೆ ಎರಡನೆಯದು, ಅದೂ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟು ಸಿಕ್ಕಿದಾಗ.