ದೇವಿ ಹಾಕಿಸಿಕೊಂಡ ತೋಳು

ನನ್ನ ಅಜ್ಜಿ ಜೀವಮಾನದಲ್ಲಿ ಒಂದು ಭಾವಚಿತ್ರಕ್ಕೂ ಕುಳಿತವಳಲ್ಲ. ಎಳವೆಯಲ್ಲಿ ಬಂದ ಸಿಡುಬು ಅವಳ ಮುಖದ ತುಂಬ ಕುಳಿಗಳನ್ನು ಉಳಿಸಿ ಹೋಗಿತ್ತು. ಮದುವೆಮನೆಗೆ ಛಾಯಾಗ್ರಾಹಕ ಬಂದನೆಂದರೆ ಅವಳು ಒಲೆಯ ಬಳಿಗೆ ಸರಿದುಬಿಡುತ್ತಿದ್ದಳು. ಆದರೆ ನಮ್ಮ ತೋಳಿನ ಮೇಲೆ ದೇವಿ ಹಾಕಿದ ಗುರುತನ್ನು ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದಳು. ರೋಗವನ್ನು ಅಮ್ಮನೆಂದ ನಮ್ಮ ಜನ ಅದರ ಮದ್ದನ್ನೂ ದೇವಿಯೆಂದೇ ಕರೆದರು. ಈ ಜಾಣ್ಮೆ ಯಾವ ಪಂಡಿತನದೂ ಅಲ್ಲ.

ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ 1805ರಲ್ಲಿ ರಚಿಸಿದ ತೈಲಚಿತ್ರವೊಂದಿದೆ. ರೇಷ್ಮೆಯುಟ್ಟು ಮೈತುಂಬ ಒಡವೆ ತೊಟ್ಟ ಮೂವರು ಸ್ತ್ರೀಯರು. ಅವರನ್ನು ನರ್ತಕಿಯರೆಂದೇ ಬಹುಕಾಲ ಭಾವಿಸಲಾಗಿತ್ತು. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದೆ. ಇತಿಹಾಸಕಾರ ನೈಜೆಲ್ ಚಾನ್ಸಲರ್ 2001ರಲ್ಲಿ ಪ್ರಕಟಿಸಿದ ಲೇಖನವನ್ನು ಓದಿದ ಮೇಲೆ ನಾಚಿಕೆಯಾಯಿತು. ಅವರ ಪ್ರಕಾರ ಇವರು ಮೈಸೂರು ಅರಮನೆಯವರು: ನಡುವೆ ಲಕ್ಷ್ಮಮ್ಮಣ್ಣಿ, ಎರಡು ಬದಿಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು. ಇಬ್ಬರ ಹೆಸರೂ ದೇವಾಜಮ್ಮಣ್ಣಿ. ಬಲಬದಿಯ ಕಿರಿಯ ರಾಣಿ ಸೆರಗು ಸರಿಸಿ ಎಡತೋಳನ್ನು ತೋರುತ್ತಿರುವುದು ಅಲ್ಲಿ ದೇವಿ ಹಾಕಿಸಿಕೊಂಡದ್ದಕ್ಕೆ. ಹಿರಿಯ ರಾಣಿಯ ಬಾಯಿಯ ಸುತ್ತ ಬಣ್ಣಗೆಟ್ಟ ಚರ್ಮವು, ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೇರಿಸುತ್ತಿದ್ದ ಹಳೆಯ ಪದ್ಧತಿಯ ಗುರುತು.

ಜೆನ್ನರ್‌ನ ಲಸಿಕೆ ಮುಂಬಯಿಯಲ್ಲಿ ಮೊದಲು ಫಲಿಸಿದ್ದು 1802ರ ಜೂನ್ 14ರಂದು, ಮೂರು ವರ್ಷದ ಒಂದು ಮಗುವಿನ ತೋಳಿನಲ್ಲಿ. ಶೈತ್ಯಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಒಬ್ಬರ ಗುಳ್ಳೆಯಿಂದ ರಸ ತೆಗೆದು ಮತ್ತೊಬ್ಬರ ತೋಳಿಗೆ ಹಾಕುತ್ತ, ತೋಳಿನಿಂದ ತೋಳಿಗೆ ಅದು ಊರೂರು ನಡೆಯಬೇಕಿತ್ತು. ಯಾರ ತೋಳು, ಯಾವ ಜಾತಿ, ಯಾವ ಮತ ಎಂಬುದೇ ಜನರ ಅಂಜಿಕೆ. ಅಂಥ ಹೊತ್ತಿನಲ್ಲಿ ಅರಮನೆಯ ಹೆಣ್ಣು ಆ ರಸವನ್ನು ಮೈಗೆ ಬಿಟ್ಟುಕೊಂಡಳೆಂದರೆ ಅದು ಸಾಮಾನ್ಯ ಸಂಗತಿಯಲ್ಲ. ಕಂಪನಿ ಸರಕಾರಕ್ಕೆ ಅದರಲ್ಲಿ ತನ್ನದೇ ಪ್ರಯೋಜನವಿತ್ತು, ನಿಜ. ಆದರೂ ತೋಳು ಅವಳದು.

ಗೋಷೆಯಲ್ಲಿದ್ದ ರಾಣಿಯರು ಪರದೇಶದ ಚಿತ್ರಕಾರನೆದುರು ಕುಳಿತಾರೆಯೇ ಎಂದು ಸಂದೇಹಿಸುವವರಿದ್ದಾರೆ. ಸಂದೇಹ ಅಸಂಗತವಲ್ಲ, ಚಾನ್ಸಲರ್ ಅವರದು ಊಹೆಯ ಬಲದಿಂದ ನಿಂತ ವಾದ. ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ. ವಿದ್ವತ್ತಿನಷ್ಟೇ ಅಜ್ಜಿಯ ಮುಖವೂ ಇದಕ್ಕೆ ಕಾರಣವೆಂದು ಒಪ್ಪಿಕೊಳ್ಳಬೇಕು.

ಮೊನ್ನೆ ತಂಗಿಯ ಮನೆಯಲ್ಲಿ ಹಳೆಯ ಮದುವೆಯೊಂದರ ಗುಂಪುಚಿತ್ರ ಸಿಕ್ಕಿತು. ಹಿಂದೆ ಅಡುಗೆಮನೆಯ ಬಾಗಿಲಸಂದಿಯಲ್ಲಿ ಸೆರಗಿನ ಅಂಚೊಂದು ಕಾಣುತ್ತದೆ. ಅಜ್ಜಿಯದೇ ಎಂದು ತಂಗಿ ಹೇಳುತ್ತಾಳೆ.